ಜೆಸಿಬಿ ಎಲ್ಲಿ ನಿಂತಿತ್ತು? ಫೋನ್, ಮ್ಯಾಗ್ನೆಟ್ ಟ್ರ್ಯಾಕರ್, ವೈರ್ ಟ್ರ್ಯಾಕರ್ ಮೂರೂ ಬಳಸಿ ನೋಡಿದ್ದು

ಟ್ರ್ಯಾಕರ್ ಅಂದರೆ ಯಂತ್ರ ಎಲ್ಲಿದೆ ಅಂತ ಮೊಬೈಲಿಗೆ ತಿಳಿಸುವ ಜಿಪಿಎಸ್ ಡಬ್ಬಿ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವೈರ್ ಟ್ರ್ಯಾಕರ್‌ಗೆ. ಅದೇ ಟ್ರ್ಯಾಕರ್ ಒಮ್ಮೆ ನಾಲ್ಕು ಜನರ ಮುಂದೆ ನನ್ನ ಮಾನ ಕಳೆದಿದೆ, ಅದನ್ನೂ ಹೇಳುತ್ತೇನೆ.

ನನ್ನ ಹತ್ತಿರ ಎರಡು ಜೆಸಿಬಿ, ಒಂದು ಟಿಪ್ಪರ್, ಎರಡು ಮಿಕ್ಸರ್ ಇವೆ. ಕೆಲಸ ಒಂದು ಕಲಬುರಗಿ ರಿಂಗ್ ರೋಡ್ ಹತ್ತಿರ, ಒಂದು ಆಳಂದ ಕಡೆ, ಇನ್ನೊಂದು ಸೇಡಂ ಕಡೆ. ಒಂದು ಊರು ಪಶ್ಚಿಮಕ್ಕೆ, ಇನ್ನೊಂದು ಪೂರ್ವಕ್ಕೆ. ಎಷ್ಟಂತ ಓಡಾಡೋದು?

ಮೊದಲು ಖರ್ಚಿಲ್ಲದ ದಾರಿ ಹಿಡಿದೆ. ಆಪರೇಟರ್ ದಿನಾ ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್ ಕಳಿಸಬೇಕು. ಅದು ಹೆಚ್ಚೆಂದರೆ 8 ತಾಸು ನಡೆಯುತ್ತದೆ, ನಿನ್ನೆ ಎಲ್ಲಿತ್ತು ಅಂತ ಹಿಂದೆ ಹೋಗಿ ನೋಡಲು ಬರುವುದಿಲ್ಲ. ಅದಿರಲಿ, ಫೋನ್ ಇರುವುದು ಆಪರೇಟರ್ ಜೇಬಿನಲ್ಲಿ. ಒಂದು ಮಧ್ಯಾಹ್ನ ನೋಡಿದರೆ ನನ್ನ ಜೆಸಿಬಿ ಖಾನಾವಳಿಯಲ್ಲಿ ಊಟಕ್ಕೆ ಕೂತಿತ್ತು.

ಆಮೇಲೆ 6,500 ರೂಪಾಯಿ ಕೊಟ್ಟು ಮ್ಯಾಗ್ನೆಟ್ ಟ್ರ್ಯಾಕರ್ ತಂದೆ. ವೈರ್ ಜೋಡಿಸುವ ಗೋಜಿಲ್ಲ ಅಂತ ಖುಷಿಯಿಂದ ಚಾಸಿ ಕೆಳಗೆ ಅಂಟಿಸಿದೆ. ಮೇಲೆಲ್ಲ ಕಬ್ಬಿಣ, ಆಕಾಶ ಕಾಣದಿದ್ದರೆ ಜಿಪಿಎಸ್ ಸಿಗ್ನಲ್ ಎಲ್ಲಿಂದ ಬರಬೇಕು? ಜಾಗ ಬದಲಿಸಿದೆ. 30 ಸೆಕೆಂಡಿಗೊಮ್ಮೆ ಲೊಕೇಶನ್ ಕಳಿಸುವಂತೆ ಇಟ್ಟಿದ್ದಕ್ಕೆ ಐದನೇ ದಿನ ಬ್ಯಾಟರಿ ಖಾಲಿ. ಬಿಚ್ಚಿ ಮನೆಗೆ ತಂದು ಚಾರ್ಜ್‌ಗೆ ಹಾಕಿದಾಗ ಜೆಸಿಬಿ ಎಲ್ಲಿದೆಯೋ ದೇವರಿಗೇ ಗೊತ್ತು.

ವೈರ್ ಟ್ರ್ಯಾಕರ್ 3,000 ರೂಪಾಯಿಯೊಳಗೆ ಬಂತು. ಸಿಮ್ಮು, ಆ್ಯಪ್ ಸೇರಿ ವರ್ಷಕ್ಕೆ ಇನ್ನೊಂದಿಷ್ಟು. ಯಂತ್ರದ ಬ್ಯಾಟರಿಯಿಂದಲೇ ಕರೆಂಟ್ ತೆಗೆದುಕೊಳ್ಳುತ್ತದೆ, ಚಾರ್ಜಿನ ಚಿಂತೆ ಇಲ್ಲ.

ಇನ್ನು ಮಾನ ಹೋದ ಕಥೆ. ಆಳಂದ ರೋಡಿನ ಒಂದು ಲೇಔಟ್‌ಗೆ ಜೆಸಿಬಿಯನ್ನು ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟಿದ್ದೆ. ಸಂಜೆ ಆ್ಯಪ್‌ನಲ್ಲಿ ಎಂಜಿನ್ ಆನ್ 9 ತಾಸು 10 ನಿಮಿಷ ಅಂತ ಇತ್ತು. ಹಾಗೇ ಬಿಲ್ ಬರೆದೆ. "ಏನ್ರೀ ಅಣ್ಣಾರೇ, ಆರು ತಾಸೂ ಆಗಿಲ್ಲ ಕೆಲಸ" ಅಂದರು ಲೇಔಟ್‌ನವರು. ನಾನು ಮೊಬೈಲ್ ಎತ್ತಿ ಹಿಡಿದು, ಆ್ಯಪ್‌ನ ಹಿಸ್ಟರಿ ಸುಳ್ಳು ಹೇಳುತ್ತಾ ಅಂತ ಏರಿದ ದನಿಯಲ್ಲೇ ಕೇಳಿದೆ. ಅವರು ಸುಮ್ನೆ ತಮ್ಮ ಫೋನ್ ತೆಗೆದು ಅವರ್ ಮೀಟರ್‌ನ, ಅಂದರೆ ಎಂಜಿನ್ ಎಷ್ಟು ತಾಸು ಓಡಿದೆ ಅಂತ ಎಣಿಸುವ ಜೆಸಿಬಿಯದೇ ಮೀಟರ್‌ನ, ಎರಡು ಫೋಟೋ ತೋರಿಸಿದರು. ಬೆಳಿಗ್ಗೆ 4812.3, ಸಂಜೆ 4818.1.

ಆಪರೇಟರ್‌ನನ್ನು ಕರೆದೆ. "ಬಿಸಿಲು ಭಾಳ ಇತ್ತು ರೀ ಸಾವ್ಕಾರ್ರೇ. ಕೀಲಿ ಆನ್ ಇಟ್ಟು, ಫ್ಯಾನ್ ಹಚ್ಚಿ ಹಾಡು ಕೇಳ್ಲತ್ತಿದ್ದೆ" ಅಂದ. ಮೇ ತಿಂಗಳ ಕಲಬುರಗಿ ಬಿಸಿಲು, ಬೈಯಲು ಬಾಯಿ ಬರಲಿಲ್ಲ. ಬ್ಯಾಟರಿ ಪದೇ ಪದೇ ಯಾಕೆ ಇಳಿಯುತ್ತಿತ್ತು ಅಂತಲೂ ಅವತ್ತೇ ಗೊತ್ತಾಯಿತು.

ಆಗಿದ್ದು ಇಷ್ಟೇ. ಈ ಟ್ರ್ಯಾಕರ್‌ಗೆ ಪ್ಲಸ್, ಮೈನಸ್ ಬಿಟ್ಟು ಮೂರನೇ ಸಣ್ಣ ವೈರ್ ಇರುತ್ತದೆ. ಅದಕ್ಕೆ ಕರೆಂಟ್ ಬಂದರೆ ಎಂಜಿನ್ ಓಡುತ್ತಿದೆ ಅಂತ ಅದರ ಲೆಕ್ಕ. ಫಿಟ್ ಮಾಡಿದವನು ಅದನ್ನು ಕೀಲಿಯ ಲೈನಿಗೆ ಕಟ್ಟಿದ್ದ. ಕೀಲಿ ತಿರುಗಿಸಿ ಮಲಗಿದರೂ ತಾಸು ಏರುತ್ತದೆ. ಬೇರೆ ಎಲೆಕ್ಟ್ರಿಷಿಯನ್ ಬಂದು, ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ತಿರುಗಿದಾಗ ಮಾತ್ರ ಕರೆಂಟ್ ಬರುವ ತುದಿಗೆ ಆ ವೈರ್ ಬದಲಿಸಿ ಕೊಟ್ಟ. 300 ರೂಪಾಯಿ. ಈಗ ಆ್ಯಪ್‌ಗೂ ಮೀಟರ್‌ಗೂ ಹತ್ತು ನಿಮಿಷದ ಮೇಲೆ ವ್ಯತ್ಯಾಸ ಬರುವುದಿಲ್ಲ.

ಸಣ್ಣ ಕಿರಿಕಿರಿ ಇನ್ನೊಂದು. ಗೋಡೆ ಪಕ್ಕ ನಿಲ್ಲಿಸಿದ ಯಂತ್ರ ಮ್ಯಾಪ್‌ನಲ್ಲಿ ತಾನಾಗಿಯೇ ಅತ್ತಿತ್ತ ಜಿಗಿಯುತ್ತದೆ. ಯಂತ್ರ ದಾಟಿದರೆ ಅಲಾರಂ ಹೊಡೆಯುವ ಸೈಟಿನ ಗಡಿಯನ್ನು ಆ್ಯಪ್‌ನಲ್ಲಿ 50 ಮೀಟರ್ ಇಟ್ಟಿದ್ದಕ್ಕೆ ರಾತ್ರಿ ಎರಡಕ್ಕೆ ಅಲಾರಂ ಹೊಡೆದು ಮನೆಯವರೆಲ್ಲ ಎದ್ದರು. ಈಗ 200 ಮೀಟರ್ ಇಟ್ಟಿದ್ದೇನೆ. ಶಹಾಬಾದ್ ಕಡೆಯ ಕಲ್ಲು ಗಣಿಗಳಂಥ ನೆಟ್‌ವರ್ಕ್ ಇಲ್ಲದ ಜಾಗಕ್ಕೆ ಹೋಗುವುದಿದ್ದರೆ, ಡೇಟಾ ಒಳಗೇ ಇಟ್ಟುಕೊಂಡು ಆಮೇಲೆ ಕಳಿಸುತ್ತದಾ ಅಂತ ಕೇಳಿಯೇ ಕೊಳ್ಳಿ.

ಇಷ್ಟೆಲ್ಲ ಆದರೂ ವೈರ್ ಟ್ರ್ಯಾಕರ್ ಯಾಕೆ? ಒಂದು ಭಾನುವಾರ ಕೂತು ಇಡೀ ತಿಂಗಳ ಹಿಸ್ಟರಿ ನೋಡಿದೆ. ಎರಡನೇ ಜೆಸಿಬಿ ರಿಂಗ್ ರೋಡ್ ಸೈಟಿನಲ್ಲಿ 11 ದಿನ ಸುಮ್ನೆ ನಿಂತಿತ್ತು. ಅದೇ ದಿನಗಳಲ್ಲಿ ಸೇಡಂ ಕೆಲಸಕ್ಕೆ ನಾನು ಬೇರೆಯವರ ಯಂತ್ರಕ್ಕೆ ಬಾಡಿಗೆ ಕಟ್ಟಿದ್ದೆ! ಟ್ರ್ಯಾಕರ್ ದುಡ್ಡು ಅಲ್ಲೇ ಹುಟ್ಟಿತು ಅಂದುಕೊಂಡೆ.

ಮ್ಯಾಗ್ನೆಟ್‌ನದು ಈಗ ಮಿಕ್ಸರ್ ಮೇಲಿದೆ. ದಿನಕ್ಕೆ ಎರಡೇ ಸಲ ಲೊಕೇಶನ್ ಕಳಿಸುತ್ತದೆ, ಚಾರ್ಜ್ ತಿಂಗಳುಗಟ್ಟಲೆ ಬರುತ್ತದೆ. ಮಿಕ್ಸರ್ ಯಾವ ಸೈಟಿನಲ್ಲಿದೆ ಅಂತ ಗೊತ್ತಾದರೆ ನನಗೆ ಸಾಕು. ಬಿಲ್ ಮಾತ್ರ ಈಗಲೂ ಅವರ್ ಮೀಟರ್ ಫೋಟೋ ನೋಡಿಯೇ ಬರೆಯುತ್ತೇನೆ.