ಲೈಸೆನ್ಸ್ ಮಾಡಿಸಿದಾಗಲೇ ಸೆಲೆಕ್ಟಿವ್ ಸರ್ವಿಸ್ ಆಗಿಹೋಯಿತು ಅಂದುಕೊಳ್ಳಬೇಡಿ

ಅಮೆರಿಕದಲ್ಲಿ 18ರಿಂದ 25 ವರ್ಷದೊಳಗಿನ ಗಂಡುಮಕ್ಕಳಿರುವ ಕನ್ನಡದ ಮನೆಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಗನ ಕೈಯಲ್ಲಿ ಗ್ರೀನ್ ಕಾರ್ಡ್ ಇದ್ದರೆ, ಅಥವಾ ಅವನು ಅಲ್ಲೇ ಹುಟ್ಟಿದ ಸಿಟಿಜನ್ ಆಗಿದ್ದರೆ, ಅವನ ಸೆಲೆಕ್ಟಿವ್ ಸರ್ವಿಸ್ ನಂಬರ್ ಏನು ಅಂತ ಇವತ್ತೇ ಕೇಳಿ. ಸೆಲೆಕ್ಟಿವ್ ಸರ್ವಿಸ್ ಅಂದರೆ, ಮುಂದೆ ಬೇಕಾದರೆ ಸೈನ್ಯಕ್ಕೆ ಕರೆಯಲು ಗಂಡಸರ ಹೆಸರು ಬರೆದಿಟ್ಟುಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ. "ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗಲೇ ಅದೆಲ್ಲ ಆಗಿದೆ" ಅಂತ ಉತ್ತರ ಬಂದರೆ ಮಾತು ಅಲ್ಲಿಗೇ ಬಿಡಬೇಡಿ, ನಂಬರ್ ತೋರಿಸು ಅನ್ನಿ. ನನ್ನ ತಮ್ಮನಿಗೂ ಎಲ್ಲರೂ ಇದನ್ನೇ ಹೇಳಿದ್ದರು. ಅವನ ಸಿಟಿಜನ್‌ಶಿಪ್ ವರ್ಷಗಟ್ಟಲೆ ಹಿಂದಕ್ಕೆ ಹೋಯಿತು.

ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಅಮೆರಿಕದಲ್ಲಿ ಜನರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸುವುದು 1973ರಲ್ಲೇ ನಿಂತಿದೆ. ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿದ ಮೇಲೆ, ನಾಳೆ ಬೇಕಾದರೆ ಹೆಸರುಗಳ ಪಟ್ಟಿಯಾದರೂ ಇರಲಿ ಅಂತ 1980ರಲ್ಲಿ ಅಧ್ಯಕ್ಷ ಕಾರ್ಟರ್ ನೋಂದಣಿಯನ್ನು ಮತ್ತೆ ಶುರು ಮಾಡಿದರು. 18 ತುಂಬಿದ 30 ದಿನದೊಳಗೆ ಹೆಸರು ಬರೆಸಬೇಕು. ಆಮೇಲೆ ಗ್ರೀನ್ ಕಾರ್ಡ್ ಬಂದವರಿಗೆ ಅದು ಬಂದ 30 ದಿನದೊಳಗೆ. ತಡವಾದರೂ ತೆಗೆದುಕೊಳ್ಳುತ್ತಾರೆ, ಆದರೆ 26 ತುಂಬಿದ ದಿನಕ್ಕೆ ಬಾಗಿಲು ಮುಚ್ಚುತ್ತದೆ, ಮತ್ತೆ ತೆರೆಯುವುದಿಲ್ಲ. ಹೆಣ್ಣುಮಕ್ಕಳಿಗೆ ಈ ನಿಯಮವೇ ಇಲ್ಲ. ಹೆಸರು ಬರೆಸದಿದ್ದರೆ ಕಾನೂನಿನ ಪುಸ್ತಕದಲ್ಲಿ 5 ವರ್ಷದವರೆಗೆ ಜೈಲು, 2,50,000 ಡಾಲರ್‌ವರೆಗೆ ದಂಡ ಅಂತಿದೆ. 1986ರಿಂದೀಚೆಗೆ ಇದಕ್ಕಾಗಿ ಯಾರನ್ನೂ ಕೋರ್ಟಿಗೆ ಎಳೆದಿಲ್ಲ. ಹಾಗಾಗಿಯೇ ಜನ ಸದರ ಮಾಡಿಕೊಂಡಿರುವುದು. ಪೆಟ್ಟು ಬೀಳುವುದು ಬೇರೆ ಕಡೆಯಿಂದ: ಸಿಟಿಜನ್‌ಶಿಪ್ ಅರ್ಜಿಯಲ್ಲಿ, ಫೆಡರಲ್ ಸರ್ಕಾರದ ಕೆಲಸದಲ್ಲಿ, ಕೆಲವು ರಾಜ್ಯಗಳಲ್ಲಿ ಕಾಲೇಜಿನ ಹಣಸಹಾಯದಲ್ಲಿ.

ಹುಡುಗರು ತಾವಾಗಿ ಹೋಗಿ ಹೆಸರು ಬರೆಸುವುದಿಲ್ಲ ಅಂತ ಗೊತ್ತಾದ ಮೇಲೆ ರಾಜ್ಯಗಳು ಒಂದೊಂದಾಗಿ ಇದನ್ನು ಡ್ರೈವಿಂಗ್ ಲೈಸೆನ್ಸ್‌ಗೆ ಜೋಡಿಸಿದವು. ಈಗ 40ಕ್ಕೂ ಹೆಚ್ಚು ರಾಜ್ಯಗಳಲ್ಲಿ ಇಂಥ ಕಾನೂನಿದೆ. ಲೈಸೆನ್ಸ್‌ಗೆ ಬಾರದ ಹುಡುಗನಿಲ್ಲ, ಅಲ್ಲೇ ಹಿಡಿದುಕೊಂಡರಾಯಿತು ಅನ್ನುವುದು ಲೆಕ್ಕಾಚಾರ. ಆದರೆ ಎಲ್ಲ ಕಡೆ ಒಂದೇ ರೀತಿ ನಡೆಯುವುದಿಲ್ಲ. ಕೆಲವು ಕಡೆ ಅರ್ಜಿಗೆ ಸಹಿ ಹಾಕಿದರೆ ಒಪ್ಪಿದ ಹಾಗೆ, ಬೇರೆ ಆಯ್ಕೆ ಇಲ್ಲ. ಇನ್ನು ಕೆಲವು ಕಡೆ ಒಂದು ಚೌಕ ಇರುತ್ತದೆ, ಅದಕ್ಕೆ ಟಿಕ್ ಹಾಕಿದರೆ ಮಾತ್ರ ಹೆಸರು ಹೋಗುತ್ತದೆ. ಟೆಕ್ಸಾಸ್‌ನಲ್ಲಿರುವ ಚಿಕ್ಕಪ್ಪನ ಮಗನಿಗೆ ಆದದ್ದು ನಿಮ್ಮ ಮಗನಿಗೂ ಆಗಿರಲೇಬೇಕು ಅಂತಿಲ್ಲ.

ಈಗ ನಮ್ಮ ಮನೆಯ ಕಥೆ. ಅಪ್ಪ ಶಿವಮೊಗ್ಗದವರು, ಸಾಫ್ಟ್‌ವೇರ್ ಕೆಲಸದ ಮೇಲೆ ಬಂದವರು. 2007ರ ಜುಲೈ ವೀಸಾ ಬುಲೆಟಿನ್ (ಗ್ರೀನ್ ಕಾರ್ಡಿನ ಸರದಿ ಯಾರವರೆಗೆ ಬಂತು ಅಂತ ತಿಂಗಳು ತಿಂಗಳು ತಿಳಿಸುವ ಪ್ರಕಟಣೆ) ಹಳಬರಿಗೆ ನೆನಪಿರಬೇಕು. ಎಲ್ಲರಿಗೂ ದಾರಿ ತೆರೆದಿದೆ ಅಂದರು, 2ನೇ ತಾರೀಖು ಇಲ್ಲ ಅಂದರು. ನಮ್ಮ ಜನ ಗಾಂಧಿಗಿರಿ ಅಂತ ಇಮಿಗ್ರೇಶನ್ ನಿರ್ದೇಶಕರಿಗೆ ರಾಶಿ ಹೂವು ಕಳಿಸಿದರು, 17ಕ್ಕೆ ಮತ್ತೆ ಅರ್ಜಿ ತೆಗೆದುಕೊಳ್ಳುತ್ತೇವೆ ಅಂದರು. ಆ ನೂಕುನುಗ್ಗಲಿನಲ್ಲಿ ನಾವು ನಾಲ್ವರೂ ಐ-485, ಅಂದರೆ ಗ್ರೀನ್ ಕಾರ್ಡಿನ ಅರ್ಜಿ, ಹಾಕಿದೆವು. ಆಗ ತಮ್ಮನಿಗೆ 16. ಈ ವಯಸ್ಸು ಇಲ್ಲಿ ಮುಖ್ಯ. 18 ದಾಟಿದ, 26 ತುಂಬದ ಹುಡುಗ ಐ-485 ಹಾಕಿದರೆ ಅವನ ವಿವರವನ್ನು ಇಮಿಗ್ರೇಶನ್‌ನವರು ಸೆಲೆಕ್ಟಿವ್ ಸರ್ವಿಸ್‌ಗೆ ಕಳಿಸಲು ಆ ಫಾರಂನಲ್ಲೇ ಅವಕಾಶವಿದೆ. 16ರ ಹುಡುಗನ ವಿಷಯದಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ. 18 ತುಂಬಿದಾಗ ಅವನು ಇನ್ನೂ ಎಚ್-4 (ಎಚ್-1ಬಿ ಕೆಲಸದ ವೀಸಾದವರ ಹೆಂಡತಿ-ಮಕ್ಕಳ ವೀಸಾ), ಅಂದರೆ ಹೆಸರು ಬರೆಸಬೇಕಾದವರ ಪಟ್ಟಿಯಲ್ಲೇ ಇಲ್ಲ. ಗ್ರೀನ್ ಕಾರ್ಡ್ ಬಂದದ್ದು 2012ರಲ್ಲಿ. ಆಗ ಅವನಿಗೆ 21.

ಅದೇ ವರ್ಷ ಓದಿಗಾಗಿ ಬೇರೆ ರಾಜ್ಯಕ್ಕೆ ಹೋದ, ಹಳೆ ಲೈಸೆನ್ಸ್ ಕೊಟ್ಟು ಅಲ್ಲಿಯದು ಮಾಡಿಸಿಕೊಂಡ. ಅದು ಟಿಕ್ ಹಾಕುವ ಚೌಕದ ರಾಜ್ಯ. ಯಾವ ರಾಜ್ಯ ಅನ್ನುವುದು ಬೇಡ. ಕೌಂಟರಿನಲ್ಲಿದ್ದವರನ್ನು "ಇದಕ್ಕೆ ಟಿಕ್ ಹಾಕಬೇಕಾ?" ಅಂತ ಅವನೇ ಕೇಳಿದ್ದಾನೆ. "ನೀನು ಸಿಟಿಜನ್ ಅಲ್ಲವಲ್ಲ, ಬಿಡು. ಬೇಕಿದ್ದರೆ ಕಂಪ್ಯೂಟರೇ ಕಳಿಸುತ್ತದೆ" ಅಂದರಂತೆ. ಒಂದೇ ಉಸಿರಿನಲ್ಲಿ ಎರಡು ತಪ್ಪು. ಗ್ರೀನ್ ಕಾರ್ಡಿನವರಿಗೂ ನಿಯಮ ಉಂಟು, ಮತ್ತೆ ಆ ರಾಜ್ಯದಲ್ಲಿ ಟಿಕ್ ಹಾಕದೆ ಕಂಪ್ಯೂಟರ್ ಏನನ್ನೂ ಕಳಿಸುವುದಿಲ್ಲ. ಮುಂದೆ ನಮ್ಮ ಕಾಗದಪತ್ರ ನೋಡಿಕೊಳ್ಳುತ್ತಿದ್ದ ಏಜೆಂಟರನ್ನು ಅಪ್ಪ ಕೇಳಿದಾಗಲೂ ಅದೇ ರಾಗ: "ಲೈಸೆನ್ಸ್ ಇದೆ ತಾನೇ ಸಾರ್? ಹಾಗಾದ್ರೆ ಆಗಿರುತ್ತೆ." ಆ ಲೈಸೆನ್ಸ್ ಮತ್ತೆ ನವೀಕರಣಕ್ಕೆ ಬರುವ ಹೊತ್ತಿಗೆ ಅವನಿಗೆ 26 ದಾಟಿತ್ತು.

2017ರಲ್ಲಿ ನಾವಿಬ್ಬರೂ ಎನ್-400, ಅಂದರೆ ಸಿಟಿಜನ್‌ಶಿಪ್ ಅರ್ಜಿ, ಹಾಕಿದೆವು. ನನ್ನ ಇಂಟರ್‌ವ್ಯೂ ಹೂವೆತ್ತಿದ ಹಾಗೆ ಮುಗಿಯಿತು, ಹೆಣ್ಣಾದ ನನಗೆ ಆ ಪ್ರಶ್ನೆಯೇ ಇರಲಿಲ್ಲ. ತಮ್ಮನ ಅರ್ಜಿಯಲ್ಲಿ ಸೆಲೆಕ್ಟಿವ್ ಸರ್ವಿಸ್ ನಂಬರಿನ ಜಾಗ ಖಾಲಿ. ಏಜೆಂಟರು "ಇಂಟರ್‌ವ್ಯೂನಲ್ಲಿ ಅವರೇ ಸಿಸ್ಟಮ್‌ನಲ್ಲಿ ನೋಡಿಕೊಳ್ಳುತ್ತಾರೆ" ಅಂದಿದ್ದರು. ನೋಡಿಕೊಂಡರು. ಹೆಸರು ಇರಲಿಲ್ಲ. 26 ತುಂಬಿ ಕೆಲವೇ ತಿಂಗಳಾಗಿತ್ತು.

ಸೆಲೆಕ್ಟಿವ್ ಸರ್ವಿಸ್‌ನಿಂದ ಸ್ಟೇಟಸ್ ಇನ್ಫರ್ಮೇಶನ್ ಲೆಟರ್ ತನ್ನಿ, ಯಾಕೆ ಹೆಸರು ಬರೆಸಲಿಲ್ಲ ಅಂತ ಪ್ರಮಾಣ ಮಾಡಿ ಬರೆದುಕೊಡಿ, ಪುರಾವೆ ಇದ್ದರೆ ಸೇರಿಸಿ ಅಂತ ಅಧಿಕಾರಿ ಚೀಟಿ ಕೊಟ್ಟರು. ಆ ಲೆಟರ್ ಬಗ್ಗೆ ಬಹಳ ಜನಕ್ಕೆ ತಪ್ಪು ಕಲ್ಪನೆ ಇದೆ. ಅದು ಕ್ಷಮಾಪತ್ರವಲ್ಲ. ನಮಗೆ ಬಂದದ್ದರಲ್ಲಿ ಇದ್ದದ್ದು ಇಷ್ಟೇ: ಇವರು ನೋಂದಾಯಿಸಬೇಕಿತ್ತು, ನೋಂದಾಯಿಸಿಲ್ಲ, ಮುಂದಿನ ತೀರ್ಮಾನ ನಿಮ್ಮದು.

26ರಿಂದ 31 ವರ್ಷದ ನಡುವೆ ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕಿದವನು, ತಾನು ಗೊತ್ತಿದ್ದೂ ಬೇಕೆಂದೇ ತಪ್ಪಿಸಿಕೊಂಡದ್ದಲ್ಲ ಅಂತ ತಾನೇ ರುಜುವಾತು ಮಾಡಬೇಕು. ಆ ಹೊತ್ತಿಗೆ ನಾವು ಏಜೆಂಟರನ್ನು ಬಿಟ್ಟು ವಕೀಲರನ್ನು ಹಿಡಿದಿದ್ದೆವು. ಲೈಸೆನ್ಸ್ ಆಫೀಸಿನಿಂದ ಹಳೆ ಅರ್ಜಿಯ ನಕಲು ತೆಗೆಸಿದೆವು, ಚೌಕ ಖಾಲಿ ಇರುವುದನ್ನು ತೋರಿಸಿ ಕೌಂಟರಿನಲ್ಲಿ ಹೇಳಿದ ಮಾತನ್ನು ವಿವರಿಸೋಣ ಅಂತ. ಅದನ್ನು ಅಧಿಕಾರಿಗೆ ತೋರಿಸಿದ ದಿನ ಸಂಜೆ ತಮ್ಮನ ಫೋನು ಬಂತು. "ಅಕ್ಕಾ, ಅವರು ಚೌಕ ನೋಡಲೇ ಇಲ್ಲ ಮಾರಾಯ್ತಿ. ಅದರ ಮೇಲಿನ ಸಾಲು ಓದಿಸಿದ್ರು." ಆ ಚೌಕದ ನೆತ್ತಿಯ ಮೇಲೆ ಸಣ್ಣ ಅಕ್ಷರದಲ್ಲಿ ನಿಯಮ ಇದೆ: 18ರಿಂದ 25 ವರ್ಷದ ಗಂಡಸರು, ವಲಸೆ ಬಂದವರೂ ಸೇರಿ, ಸೆಲೆಕ್ಟಿವ್ ಸರ್ವಿಸ್‌ನಲ್ಲಿ ನೋಂದಾಯಿಸಬೇಕು. ಅದರ ಕೆಳಗೆ ಅವನದೇ ಸಹಿ. ಗೊತ್ತಿರಲಿಲ್ಲ ಅಂತ ಹೇಳುತ್ತೀಯ, ನಿನಗೆ ಲಿಖಿತವಾಗಿ ತಿಳಿಸಿದ್ದಾರಲ್ಲ ಅಂತ ಅಧಿಕಾರಿ ಕೇಳಿದರಂತೆ. ಬಾಯಲ್ಲಿ ಹೇಳಿದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು?

ಅರ್ಜಿ ತಿರಸ್ಕಾರವಾಯಿತು. ಕಟ್ಟಿದ 725 ಡಾಲರ್ ಹೋಯಿತು, ವಕೀಲರ ಫೀಸು ಬೇರೆ. ಇದೇ ಸ್ಥಿತಿಯಲ್ಲಿ ಪಾಸಾದವರೂ ಇದ್ದಾರೆ ಅಂತ ವಕೀಲರೇ ಹೇಳಿದರು, ಎದುರಿಗೆ ಕೂತ ಅಧಿಕಾರಿಯ ಮೇಲೆ ಎಷ್ಟೋ ನಿಂತಿರುತ್ತದೆ. ಎನ್-336 ಹಾಕಿ ಮತ್ತೊಂದು ವಿಚಾರಣೆ ಕೇಳಬಹುದಿತ್ತು. ಅದೂ ಸೋತರೆ ಕಡತ ಇನ್ನಷ್ಟು ದಪ್ಪವಾಗುತ್ತದೆ, 31 ತುಂಬುವವರೆಗೆ ಸುಮ್ಮನಿರಿ ಅಂದರು. ಸಿಟಿಜನ್‌ಶಿಪ್ ಕೊಡುವಾಗ ನಡತೆ ನೋಡುವುದು ಸಾಮಾನ್ಯವಾಗಿ ಹಿಂದಿನ 5 ವರ್ಷದ್ದು. 31 ದಾಟಿದರೆ ಆ ಲೋಪ ಲೆಕ್ಕದ ಆಚೆಗೆ ಬೀಳುತ್ತದೆ. ಹಾಗೆಯೇ ಕಾದು, ಮತ್ತೆ ಫೀಸು ಕಟ್ಟಿ, 2022ರಲ್ಲಿ ಪ್ರಮಾಣವಚನ ತೆಗೆದುಕೊಂಡ.

ಆ ನಡುವೆ ಆದದ್ದು ಕಾಗದದಲ್ಲಿ ಕಾಣುವುದಿಲ್ಲ. ಸಿಟಿಜನ್‌ಶಿಪ್ ಇಲ್ಲದೆ ಸೇರಿಸಿಕೊಳ್ಳುವಂತಿಲ್ಲ ಅಂತ ಒಂದು ಒಳ್ಳೆ ಕೆಲಸ ಕೈತಪ್ಪಿತು. ಊರಿನಲ್ಲಿ ಮದುವೆ ಗೊತ್ತಾಗಿತ್ತು. ಸಿಟಿಜನ್‌ನ ಹೆಂಡತಿಗೆ ವೀಸಾ ಸರದಿ ಇಲ್ಲ, ಗ್ರೀನ್ ಕಾರ್ಡಿನವನ ಹೆಂಡತಿಗೆ ಆಗ ಸರದಿ ಇತ್ತು. ಮದುವೆಯಾದ ಹುಡುಗಿ ತವರಿನಲ್ಲೇ ಕೂತಳು. ಬೀಗರು ಪಾಪ ಸಾಧು ಜನ, ಆದರೂ ಅಪ್ಪ ಅವರಿಗೆ ಫೋನ್ ಮಾಡುವಾಗ ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. "ಸೈನ್ಯದ ಕೇಸಂತೆ" ಅಂತ ಅವರ ಬೀದಿಯಲ್ಲಿ ಸುದ್ದಿಯಾಗಿತ್ತಂತೆ. ನಮ್ಮ ಹುಡುಗ ಜನ್ಮದಲ್ಲಿ ಬಂದೂಕು ಮುಟ್ಟಿದವನಲ್ಲ.

ಇಷ್ಟು ಹಳೆ ಕಥೆಯನ್ನು ಈಗ ಹೇಳಲು ಕಾರಣವಿದೆ. 2025ರ ಡಿಸೆಂಬರ್‌ನಲ್ಲಿ ಸಹಿಯಾದ ವಾರ್ಷಿಕ ರಕ್ಷಣಾ ಕಾಯ್ದೆಯಲ್ಲಿ, ಸರ್ಕಾರವೇ ತನ್ನ ಬಳಿ ಇರುವ ದಾಖಲೆಗಳಿಂದ ಹೆಸರು ತೆಗೆದು ನೋಂದಾಯಿಸಬೇಕು ಅಂತ ಮಾಡಿದ್ದಾರೆ. ಜಾರಿಗೆ ಒಂದು ವರ್ಷದ ಗಡುವು. ಅಂದಿನಿಂದ ಎಲ್ಲಿ ಹೋದರೂ "ಇನ್ನು ತಲೆಬಿಸಿ ಇಲ್ಲ, ಆಟೊಮ್ಯಾಟಿಕ್" ಅನ್ನುವ ಮಾತು. ಈ ಸಮಾಧಾನದ ಮಾತನ್ನು ನಾನು 2012ರಲ್ಲೇ ಕೇಳಿದ್ದೇನೆ. 26 ತುಂಬಿಬಿಟ್ಟವರಿಗೆ ಹೊಸ ವ್ಯವಸ್ಥೆಯಿಂದ ಏನೂ ಸಿಗುವುದಿಲ್ಲ. 25ರಲ್ಲಿರುವವನು ಅದು ಬರಲಿ ಅಂತ ಕಾಯುವುದಂತೂ ಶುದ್ಧ ಹುಚ್ಚು. ಎಚ್-4ನಿಂದ ಗ್ರೀನ್ ಕಾರ್ಡಿಗೆ ಬಂದವರು, ವಿಳಾಸ ಬದಲಾಯಿಸಿದವರು, ಹೆಸರಿನ ಕಾಗುಣಿತ ಒಂದು ದಾಖಲೆಯಲ್ಲಿ ಒಂದು ಥರ ಇರುವವರು (ನಮ್ಮಲ್ಲಿ ಯಾರಿಗಿಲ್ಲ ಹೇಳಿ, ಊರಿನ ಹೆಸರು ಒಮ್ಮೆ ಮುಂದೆ, ಒಮ್ಮೆ ಹಿಂದೆ) ತಾವೇ ನೋಡಿಕೊಳ್ಳುವುದು ಒಳ್ಳೆಯದು.

ನೋಡುವುದು ಸುಲಭ. ಸೆಲೆಕ್ಟಿವ್ ಸರ್ವಿಸ್‌ನ ಸರ್ಕಾರಿ ಜಾಲತಾಣದಲ್ಲಿ ಕೊನೆಯ ಹೆಸರು, ಸೋಶಿಯಲ್ ಸೆಕ್ಯುರಿಟಿ ನಂಬರ್, ಹುಟ್ಟಿದ ದಿನ ಹಾಕಿದರೆ ದಾಖಲೆ ಇದ್ದಲ್ಲಿ ನಂಬರ್ ಬರುತ್ತದೆ. ಅದನ್ನು ಪ್ರಿಂಟ್ ತೆಗೆದು ಪಾಸ್‌ಪೋರ್ಟ್ ಇಡುವ ಕಡೆಯೇ ಇಡಿ. ಬರದಿದ್ದರೆ ಅಲ್ಲೇ ನೋಂದಾಯಿಸಿ. ಚಿಕ್ಕಾಸೂ ಖರ್ಚಿಲ್ಲ. ಕೆಲವು ಖಾಸಗಿ ತಾಣಗಳು ಫೀಸು ಕೇಳುತ್ತವೆ, ಹತ್ತಿರ ಸುಳಿಯಬೇಡಿ. "ಹೆಸರು ಕೊಟ್ಟರೆ ಯುದ್ಧಕ್ಕೆ ಎಳೆದುಕೊಂಡು ಹೋಗ್ತಾರಾ?" ಅಂತ ಕೇಳುವ ಅಮ್ಮಂದಿರಿಗೆ: ಇದು ಪಟ್ಟಿ ಮಾತ್ರ, ಭರ್ತಿ ಅಲ್ಲ. ಕಡ್ಡಾಯವಾಗಿ ಕರೆಯಬೇಕಾದರೆ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಬೇರೆ ಕಾನೂನು ಮಾಡಬೇಕು.

ಎಫ್-1ನಲ್ಲಿ ಓದಲು ಬಂದವರು, ಎಚ್-1ಬಿ, ಎಚ್-4ನವರು, ಆ ಸ್ಟೇಟಸ್ ಸರಿಯಾಗಿ ಇಟ್ಟುಕೊಂಡಿರುವವರೆಗೆ ಹೆಸರು ಬರೆಸಬೇಕಾಗಿಲ್ಲ. ಆದರೆ ಸ್ಟೇಟಸ್ ಇತ್ತು ಅನ್ನುವ ಕಾಗದ, ಅಂದರೆ ಐ-20, ಐ-94, ಐ-797, ಒಂದನ್ನೂ ಎಸೆಯಬೇಡಿ. ಮುಂದೆ ಯಾವತ್ತೋ ಕೇಳುತ್ತಾರೆ.

ಲೈಸೆನ್ಸ್ ಅರ್ಜಿಯಲ್ಲಿ ಇದಕ್ಕಿಂತ ಅಪಾಯದ ಇನ್ನೊಂದು ಚೌಕ ಇದೆ, ಅದನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ಮತದಾರರ ಪಟ್ಟಿಗೆ ಸೇರಿಸಬೇಕಾ ಅಂತ ಕೇಳುವ ಚೌಕ. 1993ರ ಕಾನೂನಿನಿಂದ ಬಂದದ್ದು. ಕೌಂಟರಿನವರು ಏನೇ ಹೇಳಲಿ, ಸಿಟಿಜನ್ ಅಲ್ಲದವರು ಅದಕ್ಕೆ ಟಿಕ್ ಹಾಕಲೇಬಾರದು. ಸುಳ್ಳು ಸಿಟಿಜನ್‌ಶಿಪ್ ಹೇಳಿಕೊಂಡ ಆರೋಪ ಬಂದರೆ ಗಡೀಪಾರಿನವರೆಗೆ ಹೋಗುತ್ತದೆ. ಎಲ್ಲಕ್ಕೂ ಟಿಕ್ ಹಾಕಿಬಿಟ್ಟರೆ ಕ್ಷೇಮ ಅಂದುಕೊಳ್ಳುವ ಹುಡುಗರಿಗೆ ಇದನ್ನು ಒತ್ತಿ ಹೇಳಿ.

ಕೊನೆಯದಾಗಿ ಬೆಂಗಳೂರು, ಮೈಸೂರಿಗೆ ವಾಪಸ್ ಬಂದ ಕುಟುಂಬಗಳಿಗೆ. ಮಗ ಅಮೆರಿಕದಲ್ಲಿ ಹುಟ್ಟಿ, ಓಸಿಐ ಕಾರ್ಡಿನ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡು) ಮೇಲೆ ಇಲ್ಲಿ ಬೆಳೆಯುತ್ತಿದ್ದರೆ ಅವನಿಗೂ ಈ ನಿಯಮ ಉಂಟು. ಸಿಟಿಜನ್ ಎಲ್ಲೇ ಇರಲಿ, 18 ತುಂಬಿದರೆ ನೋಂದಾಯಿಸಬೇಕು. ಅವನು ಲೈಸೆನ್ಸ್ ಮಾಡಿಸುವುದು ಜಯನಗರದ ಆರ್‌ಟಿಒದಲ್ಲಿ. ಅಲ್ಲಿ ಯಾವ ಚೌಕವೂ ಇಲ್ಲ, ಯಾರೂ ನೆನಪಿಸುವುದಿಲ್ಲ. ಸೋಶಿಯಲ್ ಸೆಕ್ಯುರಿಟಿ ನಂಬರ್ ಇದ್ದರೆ ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಮಾಡಬಹುದು, ವಿದೇಶದ ವಿಳಾಸ ಕೊಟ್ಟರೂ ನಡೆಯುತ್ತದೆ. ಹುಟ್ಟಿದಾಗ ಆಸ್ಪತ್ರೆಯಲ್ಲೇ ಅರ್ಜಿ ಹಾಕಿ ತೆಗೆಸಿದ ಆ ಸೋಶಿಯಲ್ ಸೆಕ್ಯುರಿಟಿ ಕಾರ್ಡ್ ಎಲ್ಲಿದೆ ಅಂತ ಮೊದಲು ಹುಡುಕಿಟ್ಟುಕೊಳ್ಳಿ.