ಆಸ್ಪತ್ರೆ ಹಾಲ್‌ನ ಟಿವಿ ಸೌಂಡ್ ಕಮ್ಮಿ ಮಾಡೋಕೆ ತಗೊಂಡ ಟೈಪ್-ಸಿ ಐಆರ್ ಡಾಂಗಲ್, ಎಂಟು ತಿಂಗಳ ಬಳಕೆ ಆದ್ಮೇಲೆ

ನಮ್ಮಪ್ಪಂಗೆ 76 ವರ್ಷ, ಎರಡೂ ಕಿವಿಗೆ ಮೆಷಿನ್ ಹಾಕ್ತಾರೆ, ತಿಂಗಳಿಗೆ ಎರಡು ಸಲ ಚೆಕಪ್‌ಗೆ ಆಸ್ಪತ್ರೆಗೆ ಕರ್ಕೊಂಡ್ ಹೋಗ್ಬೇಕು. ಅಲ್ಲಿ ವೇಟಿಂಗ್ ಹಾಲ್‌ನಲ್ಲಿ ಗೋಡೆ ಮೇಲೆ ದೊಡ್ಡ ಟಿವಿ, ಬೆಳಗ್ಗೆಯಿಂದ ಸಂಜೆ ತನಕ ನ್ಯೂಸ್ ಚಾನೆಲ್, ನಾಲ್ಕು ಜನ ಒಟ್ಟಿಗೆ ಕಿರುಚ್ತಾ ಇರ್ತಾರೆ. ಮನೇಲಿ ಕಿವಿ ಮೆಷಿನ್ ಹಾಕ್ಕೊಳ್ಳೋರು ಇದ್ರೆ ನಿಮಗೆ ಗೊತ್ತಿರತ್ತೆ, ಮೆಷಿನ್ ಬರೀ ಎದುರಿಗಿರೋರ ಮಾತನ್ನ ಆರಿಸಿ ಕೊಡಲ್ಲ, ಟಿವಿ, ಫ್ಯಾನು, ಚೇರ್ ಎಳೆಯೋ ಸದ್ದು ಎಲ್ಲಾನೂ ಎತ್ತಿ ಕಿವಿಗೆ ತುಂಬತ್ತೆ. ಸಿಸ್ಟರ್ ಬಾಗಿಲಲ್ಲಿ ನಿಂತು ಟೋಕನ್ ನಂಬರ್ ಕೂಗ್ತಾರೆ, ಅಪ್ಪಂಗೆ ಕೇಳ್ಸೋದು ಬ್ರೇಕಿಂಗ್ ನ್ಯೂಸ್ ಮ್ಯೂಸಿಕ್ಕು. ಒಂದಿನ ನಾನು ಮೆಡಿಕಲ್ಸ್ ಕ್ಯೂನಲ್ಲಿ ನಿಂತಿದ್ದೆ, ವಾಪಸ್ ಬಂದು ನೋಡಿದ್ರೆ ನಮ್ಮ 31 ಕರೆದು ಆಗೋಗಿ 38 ನಡೀತಿದೆ, ಅಪ್ಪ ಚೀಟಿ ಕೈಲಿ ಹಿಡ್ಕೊಂಡು ಅಲ್ಲೇ ಎದುರಿಗೆ ಕೂತಿದ್ದಾರೆ, ಎರಡೂ ಮೆಷಿನ್ ಬಿಚ್ಚಿ ಷರ್ಟ್ ಜೇಬಲ್ಲಿ ಇಟ್ಕೊಂಡಿದ್ದಾರೆ. ಯಾಕಪ್ಪ ಅಂದ್ರೆ "ತಲೆ ಸಿಡೀತಿತ್ತು ಕಣೋ" ಅಂದ್ರು. ಆ ಮಾತು ಕೇಳಿ ನಂಗೆ ಸಂಕಟ ಆಯ್ತು.

ಅವತ್ತು ರಿಮೋಟ್ ಕೇಳೋಕೆ ಹೋದೆ. ರಿಸೆಪ್ಷನ್ ಮೇಡಂ "ಸೆಕ್ಯೂರಿಟಿ ಹತ್ರ ಇರತ್ತೆ" ಅಂದ್ರು, ಸೆಕ್ಯೂರಿಟಿ ಅಣ್ಣ "ಮೇಲೆ ಆಫೀಸಲ್ಲಿ ಕೇಳಿ ಸಾರ್" ಅಂದ, ಮೇಲೆ ಹೋದ್ರೆ ಡ್ರಾಯರ್‌ನಿಂದ ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದ ರಿಮೋಟ್ ತೆಗೆದುಕೊಟ್ರು, ಒಳಗೆ ಸೆಲ್ ಇಲ್ಲ. ಆಗ ಹೊಳೀತು, ಆ ಸೌಂಡ್ ಯಾರೂ ಬೇಕು ಅಂತ ಇಟ್ಟಿದ್ದಲ್ಲ, ಯಾವತ್ತೋ ಯಾರೋ ಜಾಸ್ತಿ ಮಾಡಿದ್ದಾರೆ, ಆಮೇಲೆ ಕಮ್ಮಿ ಮಾಡೋಕೆ ಯಾರ ಕೈಲೂ ಏನೂ ಇಲ್ಲ. ಇಡೀ ಹಾಲ್‌ಗೆ ತೊಂದರೆ, ಆದ್ರೆ ಬೇಕು ಅಂತ ಯಾರೂ ಮಾಡ್ತಿಲ್ಲ. ಅದಕ್ಕೇ ಫೋನ್‌ನ ಚಾರ್ಜರ್ ತೂತಿಗೆ ಚುಚ್ಚಿದ್ರೆ ಫೋನೇ ಟಿವಿ ರಿಮೋಟ್ ಆಗೋ ಈ ಸಾಮಾನು ಹುಡುಕೋಕೆ ಶುರು ಮಾಡಿದೆ.

ನನ್ನ ಹಳೇ ರೆಡ್ಮಿ ನೋಟ್‌ನಲ್ಲಿ ಮೇಲಂಚಿಗೆ ಒಂದು ಸಣ್ಣ ಕಪ್ಪು ಚುಕ್ಕೆ ಇತ್ತು, ಅದೇ ಐಆರ್ ಬ್ಲಾಸ್ಟರ್, ಅಂದ್ರೆ ರಿಮೋಟ್ ಥರಾನೇ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಡೋದು, ಮಿ ರಿಮೋಟ್ ಆಪ್ ಹಾಕ್ಕೊಂಡ್ರೆ ಫೋನೇ ರಿಮೋಟ್ ಆಗ್ತಿತ್ತು. ಸ್ಯಾಮ್‌ಸಂಗ್‌ನವರೂ ಗ್ಯಾಲಕ್ಸಿ ಎಸ್4, ಎಸ್5, ಎಸ್6ರಲ್ಲಿ ಕೊಟ್ಟಿದ್ರು, 2016ರ ಎಸ್7ನಿಂದ ತೆಗೆದುಬಿಟ್ರು, ಐಫೋನ್‌ನಲ್ಲಂತೂ ಯಾವತ್ತೂ ಇರಲೇ ಇಲ್ಲ. ನನ್ನ ಈಗಿನ ಫೋನ್‌ನಲ್ಲೂ ಇಲ್ಲ, ಹಳೇದರ ಬ್ಯಾಟರಿ ಹೋಗಿತ್ತು. ಹಾಗಾಗಿ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ 220 ರೂಪಾಯಿ ಕೊಟ್ಟು ಈ ಡಾಂಗಲ್ ತಂದೆ. ಅದರ ಮೇಲೆ ಕಂಪನಿ ಹೆಸರೇ ಇಲ್ಲ, ಹೆಬ್ಬೆರಳ ಉಗುರಿನಷ್ಟು ದೊಡ್ಡದು, ಒಂದು ಕಡೆ ಟೈಪ್-ಸಿ ಪಿನ್ನು, ಇನ್ನೊಂದು ಕಡೆ ಕಪ್ಪು ಪ್ಲಾಸ್ಟಿಕ್ ಮೂತಿ. ಪ್ಯಾಕೆಟ್‌ನಲ್ಲಿ ಕ್ಯೂಆರ್ ಕೋಡ್ ಇರೋ ಒಂದು ಚೀಟಿ, ಅದನ್ನ ಸ್ಕ್ಯಾನ್ ಮಾಡಿದ್ರೆ ಆಪ್ ಸಿಗತ್ತೆ.

ಆಪ್ ವಿಷ್ಯ ಇಲ್ಲೇ ಹೇಳ್ಬೇಕು, ಯಾಕಂದ್ರೆ ತಗೊಳ್ಳೋರು ಮೊದಲು ಎಡವೋದು ಇಲ್ಲೇ. ಆಂಡ್ರಾಯ್ಡ್‌ನಲ್ಲಿ 4.4ರಿಂದಾನೇ ಐಆರ್‌ಗೆ ಅಂತ ವ್ಯವಸ್ಥೆ ಇದೆ, ಆದ್ರೆ ಅದು ಫೋನ್ ಒಳಗೇ ಕೂರಿಸಿರೋ ಬ್ಲಾಸ್ಟರ್‌ಗೆ. ಹೊರಗಿಂದ ಚುಚ್ಚಿದ ಡಾಂಗಲ್ ಆ ಲೆಕ್ಕಕ್ಕೆ ಬರಲ್ಲ, ಹಾಗಾಗಿ ಪ್ಲೇ ಸ್ಟೋರ್‌ನಲ್ಲಿರೋ ಒಳ್ಳೊಳ್ಳೆ ರಿಮೋಟ್ ಆಪ್‌ಗಳು "ನಿಮ್ಮ ಫೋನ್‌ನಲ್ಲಿ ಐಆರ್ ಇಲ್ಲ" ಅಂದುಬಿಡ್ತವೆ, ಡಾಂಗಲ್ ಜೊತೆ ಕೊಟ್ಟ ಆಪ್ ಒಂದೇ ಗತಿ. ನಂಗೆ ಸಿಕ್ಕಿದ ಆಪ್ ಕಾಂಟ್ಯಾಕ್ಟ್ಸ್ ಮತ್ತೆ ಲೊಕೇಶನ್ ಪರ್ಮಿಷನ್ ಕೇಳ್ತು, ಟಿವಿ ಸೌಂಡ್ ಕಮ್ಮಿ ಮಾಡೋಕೆ ನನ್ನ ಫೋನ್ ನಂಬರ್‌ಗಳು ಯಾಕ್ ಬೇಕು? ಎರಡೂ ಕೊಡಲಿಲ್ಲ, ಆದ್ರೂ ಕೆಲಸ ಮಾಡತ್ತೆ, ನೀವೂ ಕೊಡ್ಬೇಡಿ.

ಅಂಗಡಿಯಲ್ಲೇ ಟೆಸ್ಟ್ ಮಾಡೋಕೆ ಒಂದು ಸುಲಭ ದಾರಿ ಇದೆ. ಇನ್ನೊಬ್ಬರ ಫೋನ್‌ನ ಸೆಲ್ಫಿ ಕ್ಯಾಮರಾ ಆನ್ ಮಾಡಿ ಅದರ ಮುಂದೆ ಡಾಂಗಲ್ ಹಿಡಿದು ಬಟನ್ ಒತ್ತಿ, ಕಣ್ಣಿಗೆ ಏನೂ ಕಾಣಲ್ಲ, ಸ್ಕ್ರೀನ್ ಮೇಲೆ ಮಾತ್ರ ನೇರಳೆ ಬಣ್ಣದ ಚುಕ್ಕೆ ಪಟಪಟ ಅಂತ ಹೊಡ್ಕೊಳತ್ತೆ. ಹಿಂದಿನ ಕ್ಯಾಮರಾದಲ್ಲಿ ಎಷ್ಟೋ ಸಲ ಐಆರ್ ತಡೆಯೋ ಫಿಲ್ಟರ್ ಇರೋದ್ರಿಂದ ಅದರಲ್ಲಿ ಕಾಣದೇ ಇರಬಹುದು. ಅಂಗಡಿಯವರು ನಂಗೆ ಮೊದಲು ಕೊಟ್ಟ ಪೀಸ್‌ನಲ್ಲಿ ಚುಕ್ಕೆ ತುಂಬಾ ಮಂಕಾಗಿತ್ತು, ಇನ್ನೊಂದು ಕೊಡಿ ಅಂದೆ, ಅದು ಚೆನ್ನಾಗಿ ಬೆಳಗ್ತು. ಆ ಚುಕ್ಕೆ ಸೆಕೆಂಡಿಗೆ ಸುಮಾರು 38 ಸಾವಿರ ಸಲ ಮಿನುಗೋದನ್ನೇ ಬಿಟ್ಟು ಬಿಟ್ಟು ಕಳಿಸಿ ಕೋಡ್ ಹೇಳತ್ತೆ. ತುಂಬಾ ಕಡೆ ಬಳಸೋ ಎನ್‌ಇಸಿ ಅನ್ನೋ ಪದ್ಧತಿಲಿ ಮೊದಲು 9 ಮಿಲಿಸೆಕೆಂಡ್ ಉದ್ದದ ಒಂದು ಮಿಂಚು, ನಾಲ್ಕೂವರೆ ಮಿಲಿಸೆಕೆಂಡ್ ಗ್ಯಾಪು, ಆಮೇಲೆ 32 ಬಿಟ್, ಅಂದ್ರೆ ಸೊನ್ನೆ-ಒಂದುಗಳ ಸಾಲು. ಅದರಲ್ಲಿ ಯಾವ ಟಿವಿ, ಯಾವ ಬಟನ್ ಅನ್ನೋದನ್ನ ಒಂದ್ಸಲ ಹೇಳಿ ಅದನ್ನೇ ತಿರುಗಿಸಿ ಇನ್ನೊಂದ್ಸಲ ಹೇಳತ್ತೆ, ಎರಡೂ ತಾಳೆಯಾದ್ರೆ ಮಾತ್ರ ಟಿವಿ ಒಪ್ಪೋದು. ಸೋನಿಯವರದು ಸೆಕೆಂಡಿಗೆ 40 ಸಾವಿರ ಸಲ ಮಿನುಗತ್ತೆ, ಫಿಲಿಪ್ಸ್‌ನವರ ಹಳೇ ಪದ್ಧತಿ 36 ಸಾವಿರ. ಹೆಡ್‌ಫೋನ್ ತೂತಿಗೆ ಚುಚ್ಚೋ ಹಳೇ ಕಾಲದ ಡಾಂಗಲ್‌ಗಳಂತೂ ನಿಜವಾಗ್ಲೂ ಜಾಣತನದ ಕೆಲಸ, ಫೋನ್‌ಗೆ 38 ಸಾವಿರದ ಸೌಂಡ್ ಹೊರಡಿಸೋಕೆ ಆಗಲ್ಲ ಅಂತ 19 ಸಾವಿರದ ಸೌಂಡ್ ಬಿಟ್ಟು, ಎರಡು ಎಲ್‌ಇಡಿನ ಉಲ್ಟಾ ಜೋಡಿಸಿ, ಅಲೆ ಮೇಲೆ ಹೋದಾಗ ಒಂದು ಕೆಳಗೆ ಬಂದಾಗ ಇನ್ನೊಂದು ಹೊತ್ತೋ ಹಾಗೆ ಮಾಡಿ ಡಬಲ್ ಮಾಡ್ತಿದ್ರು.

ಈಗ ನನ್ನ ದೊಡ್ಡ ದೂರು. ಆಪ್‌ನಲ್ಲಿ ಟಿವಿ ಬ್ರ್ಯಾಂಡ್ ಆರಿಸಿದ ಮೇಲೆ ಅದು ಒಂದೊಂದೇ ಕೋಡ್ ಕಳಿಸಿ "ಟಿವಿ ರೆಸ್ಪಾಂಡ್ ಆಯ್ತಾ" ಅಂತ ಕೇಳತ್ತೆ, ಆ ಟೆಸ್ಟ್ ಮಾಡೋದು ಪವರ್ ಬಟನ್‌ನಿಂದ. ಮೊದಲನೇ ಸಲ ಇದು ಗೊತ್ತಿರಲಿಲ್ಲ. ಸೆಕ್ಯೂರಿಟಿ ಅಣ್ಣನ್ನ ಕೇಳಿದ್ದೆ, "ಮಾಡ್ಕೊಳಿ ಸಾರ್, ನಮಗೂ ಕಿವಿ ಹೋಗ್ತಿದೆ" ಅಂದಿದ್ದ, ಮೂರನೇ ಕೋಡ್‌ಗೆ ಟಿವಿ ಪಟ್ ಅಂತ ಆಫ್ ಆಯ್ತು. ಹಿಂದಿನ ಸಾಲಲ್ಲಿ ಒಬ್ಬ ಹುಡುಗ ಕ್ರಿಕೆಟ್ ಸ್ಕೋರ್ ನೋಡ್ತಾ ಇದ್ದ, ಒಬ್ಬರು ಅಜ್ಜಿ ಊರಿಂದ ಬಂದು ಬೆಳಗ್ಗೆ ಆರಕ್ಕೇ ಕೂತಿದ್ರಂತೆ, ಅವರ ಯಜಮಾನ್ರು ಒಳಗಡೆ ಅಡ್ಮಿಟ್. ಅಜ್ಜಿ ಆ ಕಪ್ಪು ಸ್ಕ್ರೀನ್‌ನೇ ನೋಡ್ತಾ "ಕರೆಂಟ್ ಹೋಯ್ತೇನಪ್ಪ" ಅಂದ್ರು. ನಾನು ಗಡಿಬಿಡಿಲಿ ಮತ್ತೆ ಒತ್ತಿದೆ, ಟಿವಿ ಆನ್ ಆಯ್ತು, ಆದ್ರೆ ಬೇರೆ ಇನ್‌ಪುಟ್‌ಗೆ ಹೋಗಿ "ನೋ ಸಿಗ್ನಲ್" ಅಂತ ನೀಲಿ ಸ್ಕ್ರೀನ್ ನಿಂತ್ಕೊಳ್ತು. ಸೋರ್ಸ್ ಬಟನ್ ಹುಡುಕಿ ಸರಿ ಮಾಡೋಕೆ ಐದು ನಿಮಿಷ ಹಿಡೀತು, ಅಜ್ಜಿ ಹತ್ರ ಹೋಗಿ ತಪ್ಪಾಯ್ತು ಅಜ್ಜಿ, ಸೌಂಡ್ ಕಮ್ಮಿ ಮಾಡೋಕೆ ಹೋಗಿ ಹೀಗಾಯ್ತು ಅಂದೆ. ಅವರು "ಮಾಡಪ್ಪ, ನಂಗೆ ಚಿತ್ರ ಕಂಡ್ರೆ ಸಾಕು, ಒಬ್ಳೇ ಕೂತ್ರೆ ಏನೇನೋ ಯೋಚ್ನೆ ಬರತ್ತೆ" ಅಂದ್ರು.

ಅವತ್ತಿಂದ ಇವತ್ತಿನ ತನಕ ಪಬ್ಲಿಕ್ ಜಾಗದಲ್ಲಿ ನಾನು ಪವರ್ ಬಟನ್ ಮುಟ್ಟಿಲ್ಲ. ಹೊಸ ಟಿವಿಗೆ ಸೆಟ್ ಮಾಡುವಾಗ ಪವರ್ ಟೆಸ್ಟ್ ಸ್ಕಿಪ್ ಮಾಡಿ ಲಿಸ್ಟ್‌ನಿಂದ ನೇರವಾಗಿ ರಿಮೋಟ್ ತೆರೆದು ವಾಲ್ಯೂಮ್ ಮೈನಸ್ ಒತ್ತಿ ನೋಡ್ತೀನಿ, ಆಗದಿದ್ರೆ ಮುಂದಿನದು. ಇನ್ನೊಂದು ಕಾರಣಾನೂ ಇದೆ, ತುಂಬಾ ಟಿವಿಗಳಲ್ಲಿ ಆನ್‌ಗೂ ಆಫ್‌ಗೂ ಕೋಡ್ ಒಂದೇ, ಒಂದೇ ಹಾಲ್‌ನಲ್ಲಿ ಒಂದೇ ಕಂಪನಿದು ಎರಡು ಟಿವಿ ಇದ್ರೆ ಒಂದು ಆಫ್ ಆಗ್ತಾ ಆಫ್ ಆಗಿದ್ದ ಇನ್ನೊಂದು ಆನ್ ಆಗತ್ತೆ.

ಈ ಪವರ್ ಬಟನ್‌ಗೇ ಅಂತ ಒಂದು ಗ್ಯಾಜೆಟ್ ಇದೆ, ಟಿವಿ-ಬಿ-ಗಾನ್ ಅಂತ, ಸ್ಯಾನ್ ಫ್ರಾನ್ಸಿಸ್ಕೋದ ಮಿಚ್ ಆಲ್ಟ್‌ಮನ್ 2004ರಲ್ಲಿ ತಂದಿದ್ದು. ಕೀ ಚೈನ್ ಥರ ಇರತ್ತೆ, ಒಂದು ಬಟನ್ ಒತ್ತಿದ್ರೆ ಬಹುತೇಕ ಕಂಪನಿಗಳ ಪವರ್ ಕೋಡ್‌ನ ಸಾಲಾಗಿ ಒಂದರ ಹಿಂದೆ ಒಂದು ಬಿಡತ್ತೆ, ಎದುರಿಗಿರೋ ಟಿವಿ ಹೆಚ್ಚಾಗಿ ಒಂದು ನಿಮಿಷ ಚಿಲ್ಲರೆಲಿ ಆಫ್. ಹೋಟೆಲ್‌ನಲ್ಲಿ ಊಟಕ್ಕೆ ಕೂತಾಗ ಎದುರಿಗಿರೋರ ಮುಖ ಬಿಟ್ಟು ಎಲ್ಲರ ಕಣ್ಣೂ ಟಿವಿ ಕಡೆಗೇ ಹೋಗತ್ತೆ ಅನ್ನೋ ಬೇಜಾರಲ್ಲಿ ಅವರು ಇದನ್ನ ಮಾಡಿದ್ದು, ಆ ಬೇಜಾರು ನಂಗೂ ಅರ್ಥ ಆಗತ್ತೆ. ಆದ್ರೆ 2008ರಲ್ಲಿ ಲಾಸ್ ವೇಗಸ್‌ನ ಸಿಇಎಸ್ ಅನ್ನೋ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಗಿಜ್ಮೋಡೋ ಅನ್ನೋ ಟೆಕ್ ನ್ಯೂಸ್ ವೆಬ್‌ಸೈಟ್‌ನವರು ಇದನ್ನ ತಗೊಂಡು ಹೋಗಿ ಸ್ಟಾಲ್‌ಗಳ ಸ್ಕ್ರೀನ್ ಎಲ್ಲಾ ಆಫ್ ಮಾಡ್ತಾ ಹೋದ್ರು, ಒಬ್ಬರು ಪ್ರೆಸೆಂಟೇಶನ್ ಕೊಡ್ತಿರೋವಾಗ್ಲೂ ಬಿಡಲಿಲ್ಲ, ಕೊನೆಗೆ ಅವರಲ್ಲೊಬ್ಬರಿಗೆ ಮೇಳಕ್ಕೆ ಬರೋ ಹಾಗಿಲ್ಲ ಅಂದ್ರು. ಅಲ್ಲಿ ನಿಂತಿದ್ದೋರು ಕೆಲಸ ಮಾಡ್ತಿದ್ರು, ಅದು ತಪ್ಪು, ನಂಗೆ ಅದರಲ್ಲಿ ಎರಡನೇ ಮಾತಿಲ್ಲ. ಫ್ಲಿಪ್ಪರ್ ಝೀರೋ ಅನ್ನೋ ಕೈಲಿ ಹಿಡಿಯೋ ಗ್ಯಾಜೆಟ್‌ನಲ್ಲೂ ಇದೇ ಥರ ಕೋಡ್‌ಗಳನ್ನ ಸಾಲಾಗಿ ಬಿಡೋ ಯೂನಿವರ್ಸಲ್ ರಿಮೋಟ್ ಇದೆ, ಬರೀ ಟಿವಿ ಸೌಂಡ್‌ಗೋಸ್ಕರ ಅಷ್ಟು ದುಡ್ಡು ಹಾಕ್ಬೇಡಿ.

ದೂರದ ವಿಷ್ಯ. ಈ ಡಾಂಗಲ್ ನೇರವಾಗಿ ಹಿಡಿದ್ರೆ ನಾಲ್ಕು ನಾಲ್ಕೂವರೆ ಮೀಟರ್ ತನಕ ಪಕ್ಕಾ, ಅದರಾಚೆ ಎರಡು ಸಲ ಒತ್ತಿದ್ರೆ ಒಂದ್ಸಲ. ಹಳೇ ರೆಡ್ಮಿ ಇದಕ್ಕಿಂತ ಜಾಸ್ತಿ ಹೋಗ್ತಿತ್ತು. ಡಾಂಗಲ್ ಇರೋದು ಫೋನ್ ತಳದಲ್ಲಿ, ಅಂದ್ರೆ ಫೋನ್‌ನ ತಲೆಕೆಳಗಾಗಿ ಹಿಡೀಬೇಕು, ಸ್ಕ್ರೀನ್ ತಿರುಗಿಸೋ ಆಪ್ಷನ್ ಆಪ್‌ನಲ್ಲಿಲ್ಲ, ಪ್ಲಸ್ ಯಾವುದು ಮೈನಸ್ ಯಾವುದು ಅಂತ ನೋಡ್ಕೊಂಡು ಒತ್ತಬೇಕು. ಬೆಳಗ್ಗೆ ಹತ್ತರ ಹೊತ್ತಿಗೆ ಆ ಹಾಲ್‌ನಲ್ಲಿ ಕಿಟಕಿ ಬಿಸಿಲು ಸೀದಾ ಟಿವಿ ಕೆಳಗಿನ ಸೆನ್ಸರ್ ಮೇಲೆ ಬೀಳತ್ತೆ, ಆಗ ಎರಡು ಮೀಟರ್‌ಗೆ ಹೋಗಿ ನಿಂತ್ರೂ ಕಷ್ಟ, ಬಿಸಿಲಲ್ಲೂ ಇನ್‌ಫ್ರಾರೆಡ್ ಇರೋದ್ರಿಂದ ಸೆನ್ಸರ್‌ಗೆ ನಮ್ಮ ಸಿಗ್ನಲ್ ಗುರುತಾಗಲ್ಲ. ಬಿಸಿಲಿಗೂ ರಿಮೋಟ್‌ಗೂ ಜಗಳ ಹಳೇದು, 1955ರಲ್ಲಿ ಅಮೆರಿಕದ ಜೆನಿತ್ ಟಿವಿ ಕಂಪನಿಯ ಯೂಜೀನ್ ಪಾಲಿ ಮಾಡಿದ ಫ್ಲ್ಯಾಶ್-ಮ್ಯಾಟಿಕ್ ಅನ್ನೋ ರಿಮೋಟ್ ಟಾರ್ಚ್ ಥರ ಬೆಳಕು ಬಿಟ್ಟು ಕೆಲಸ ಮಾಡ್ತಿತ್ತು, ಟಿವಿ ಮೇಲೆ ಬಿಸಿಲು ಬಿದ್ರೂ ಚಾನೆಲ್ ಬದಲಾಗೋದಂತೆ. ಸಂಜೆ ಹೊತ್ತು ಮಾತ್ರ ಬಿಳಿ ಸೀಲಿಂಗ್‌ಗೆ ಹೊಡೆದ್ರೂ ತಿರುಗಿ ಟಿವಿಗೆ ಮುಟ್ಟತ್ತೆ, ಪಿಲ್ಲರ್ ಹಿಂದೆ ಸೀಟ್ ಸಿಕ್ಕಾಗ ಇದು ತುಂಬಾ ಉಪಯೋಗ.

ಇನ್ನು ಎರಡು ಸಣ್ಣ ವಿಷ್ಯ. ಕೆಲವು ಫೋನ್‌ಗಳಲ್ಲಿ ಓಟಿಜಿ ಅಂತ, ಹೊರಗಿಂದ ಚುಚ್ಚಿದ ಸಾಮಾನನ್ನ ಫೋನ್ ಗುರುತಿಸೋ ಸೆಟ್ಟಿಂಗ್ ಆನ್ ಮಾಡದೇ ಇದ್ರೆ ಡಾಂಗಲ್ ಗೊತ್ತೇ ಆಗಲ್ಲ, ಆನ್ ಮಾಡಿದ್ರೂ ಸುಮ್ನೆ ಬಿಟ್ರೆ ಹತ್ತು ನಿಮಿಷಕ್ಕೆ ತಾನೇ ಆಫ್ ಆಗತ್ತೆ, ಡಾಂಗಲ್ ಹಾಳಾಯ್ತು ಅಂತ ಎಸೀಬೇಡಿ. ಎರಡನೇದು, ಡಿಶ್ ಅಥವಾ ಕೇಬಲ್ ಬಾಕ್ಸ್ ಇರೋ ಕಡೆ ವಾಲ್ಯೂಮ್ ಎರಡು ಇರತ್ತೆ, ಬಾಕ್ಸ್‌ದು ಒಂದು, ಟಿವಿದು ಒಂದು. ಟಿವಿ ವಾಲ್ಯೂಮ್ ಲಾಕ್ ಮಾಡಿದ್ರೆ, ಹೋಟೆಲ್ ಮೋಡ್ ಅಂತ ಇರತ್ತೆ, ಆಗ ಬಾಕ್ಸ್‌ದು ಪ್ರಯತ್ನ ಮಾಡಿ. ಟಿವಿ ಸೆನ್ಸರ್ ಮೇಲೆ ಕಪ್ಪು ಟೇಪ್ ಹಚ್ಚಿರೋ ಜಾಗಾನೂ ನೋಡಿದ್ದೀನಿ, ಅಲ್ಲಿ ಯಾವ ಡಾಂಗಲ್ಲೂ ನಡೆಯಲ್ಲ, ಟೇಪ್ ಕೀಳೋಕೂ ಹೋಗ್ಬೇಡಿ, ಕೌಂಟರ್‌ನಲ್ಲಿ ಹೋಗಿ ಕೇಳಿ.

ಇದು ತಗೊಂಡಿದ್ದು ಸಾರ್ಥಕ ಅನ್ನಿಸಿದ್ದು ಆಸ್ಪತ್ರೆಗಿಂತ ಜಾಸ್ತಿ ಒಂದು ಬಸ್ಸಲ್ಲಿ. ಬೆಂಗಳೂರಿಂದ ಶಿವಮೊಗ್ಗಕ್ಕೆ ರಾತ್ರಿ ಬಸ್ಸು, ಡ್ರೈವರ್ ಹಿಂದೆ ಟಿವಿ, ಫೈಟಿಂಗ್ ಸೀನ್ ಸೌಂಡಿಗೆ ಕಿಟಕಿ ಗಾಜು ನಡುಗ್ತಿದೆ, ಮುಂದಿನ ಸೀಟಲ್ಲಿ ಒಬ್ಬ ತಾಯಿ ಮಗುನ ಮಲಗಿಸೋಕೆ ಒದ್ದಾಡ್ತಿದ್ದಾರೆ. ಕ್ಲೀನರ್ ಹುಡುಗನ್ನ ಕೇಳಿದ್ರೆ "ಅಣ್ಣ, ರಿಮೋಟ್ ಕಳೆದು ಮೂರು ತಿಂಗಳಾಯ್ತು, ಟಿವಿ ಬಟನ್ನೂ ಮುರಿದಿದೆ, ಆಫ್ ಮಾಡಿದ್ರೆ ಹಿಂದಿನವ್ರು ಬೈತಾರೆ" ಅಂದ. ಫೋನ್ ತೋರಿಸಿ ಕಮ್ಮಿ ಮಾಡ್ಲಾ ಅಂದೆ, ಪಕ್ಕದಲ್ಲೇ ಬಂದು ನಿಂತ. ಲೋಕಲ್ ಸೆಟ್ಟು, ಬ್ರ್ಯಾಂಡ್ ಲಿಸ್ಟಲ್ಲೇ ಇಲ್ಲ, ಬೇರೆ ಬೇರೆ ಹೆಸರಲ್ಲಿ ಹುಡುಕಿ ಏಳನೇ ಕೋಡ್‌ಗೆ ಸ್ಕ್ರೀನ್ ಕೆಳಗೆ ಹಸಿರು ಗೀಟುಗಳು ಬಂದ್ವು, 48, 47, 46 ಅಂತ ಇಳಿದು 14ಕ್ಕೆ ನಿಲ್ಸಿದೆ. ಸಿನಿಮಾ ನೋಡೋರು ನೋಡ್ತಾನೇ ಇದ್ರು, ಯಾರೂ ಏನೂ ಅನ್ನಲಿಲ್ಲ. ತುಮಕೂರು ದಾಟೋ ಹೊತ್ತಿಗೆ ಮಗು ಮಲಗಿತ್ತು.

ತಗೊಳ್ಬೇಕಾ ಅಂದ್ರೆ, ಫೋನ್‌ನಲ್ಲೇ ಐಆರ್ ಇದ್ರೆ ಇದು ಬೇಡ್ವೇ ಬೇಡ, ಅದೇ ಎಲ್ಲಾ ರೀತಿಲೂ ಮೇಲು. ಇಲ್ದಿದ್ರೆ, ಪ್ರತಿ ಸಲ ಹೋಗೋದು ಒಂದೇ ಆಸ್ಪತ್ರೆ ಅಥವಾ ಒಂದೇ ಆಫೀಸ್ ಆಗಿದ್ರೆ ಟಿವಿ ಅಂಗಡೀಲಿ ಸಿಗೋ 150 ರೂಪಾಯಿ ಯೂನಿವರ್ಸಲ್ ರಿಮೋಟ್ ತಗೊಂಡು ಅಲ್ಲಿನವರಿಗೇ ಕೊಟ್ಟುಬಿಡೋದು ಒಳ್ಳೇದು, ನಾನು ಕೊನೆಗೆ ಅದನ್ನೇ ಮಾಡಿದೆ, ಎರಡು ಸೆಲ್ ಹಾಕಿ ರಿಸೆಪ್ಷನ್ ಮೇಡಂ ಕೈಗೆ ಕೊಟ್ಟೆ, ಅವರು ದಾರ ಕಟ್ಟಿ ಕೌಂಟರ್ ಪಕ್ಕದ ಮೊಳೆಗೆ ನೇತುಹಾಕಿದ್ದಾರೆ. ಊರೂರು ತಿರುಗೋರಿಗೆ ಡಾಂಗಲ್ ಸರಿ, ಐದರಲ್ಲಿ ಮೂರು ಸ್ಟಾರ್ ಕೊಡ್ತೀನಿ, ಆ ಪವರ್ ಟೆಸ್ಟ್ ತೆಗೆದು ವಾಲ್ಯೂಮ್‌ನಿಂದ ಟೆಸ್ಟ್ ಮಾಡೋ ಹಾಗೆ ಮಾಡಿದ್ರೆ ನಾಲ್ಕು.

ಹಳೇ ರೆಡ್ಮಿಗೆ ಹೊಸ ಬ್ಯಾಟರಿ ಹಾಕ್ಸಿ ಅಪ್ಪಂಗೆ ಕೊಟ್ಟಿದ್ದೀನಿ. ಹೋದ ಬುಧವಾರ ಸ್ಕ್ಯಾನಿಂಗ್‌ಗೆ ಬೇರೆ ಕಡೆ ಹೋಗಿದ್ವಿ, ನಾನು ಬಿಲ್ ಕಟ್ಟಿ ಬರೋ ಅಷ್ಟರಲ್ಲಿ ಅಪ್ಪ ಎದ್ದು ನಿಂತು ಸಾಲಲ್ಲಿದ್ದೋರನ್ನೆಲ್ಲಾ "ಸ್ವಲ್ಪ ಕಮ್ಮಿ ಮಾಡ್ಲಾ, ಯಾರಿಗಾದ್ರೂ ತೊಂದ್ರೆ ಇದ್ಯಾ" ಅಂತ ಕೇಳ್ತಿದ್ರು, ಎರಡೂ ಮೆಷಿನ್ ಕಿವೀಲೇ ಇದ್ವು.