ಡ್ರೈಯರ್‌ನಲ್ಲಿ ಬಟ್ಟೆ ಒಣಗುತ್ತಿಲ್ಲವೇ? ಹೀಟರ್‌ಗೆ ದುಡ್ಡು ಸುರಿಯುವ ಮೊದಲು ಪೈಪ್ ನೋಡಿ

ಬೆಳಗಾವಿಯ ಟಿಳಕವಾಡಿಯ ಒಂದು ಮನೆಯಲ್ಲಿ ಈ ಮಳೆಗಾಲ ಆದದ್ದು ಇನ್ನೊಬ್ಬರಿಗೆ ಆಗಬಾರದು. ಒಂದು ತಾಸಿಗೆ ಒಣಗಬೇಕಾದ ಬಟ್ಟೆ ಮೂರು ತಾಸಾದರೂ ಹಸಿ. ಬಂದ ಮೆಕ್ಯಾನಿಕ್ ಹೀಟರ್ ಬದಲಿಸಿ ಹೋದ. ಹದಿನೈದೇ ದಿನಕ್ಕೆ ಮಷೀನು ಬಿಸಿಯಾಗುವುದನ್ನೇ ನಿಲ್ಲಿಸಿತು. ಎರಡನೆಯವನು ಬಂದು, ಸುಟ್ಟುಹೋದ ಥರ್ಮಲ್ ಫ್ಯೂಸ್ (ಅತಿ ಬಿಸಿಯಾದರೆ ಕರೆಂಟ್ ಕಡಿಯುವ ಭಾಗ) ತೆಗೆದು ಆ ಜಾಗದಲ್ಲಿ ತಂತಿ ಸೇರಿಸಿದ. ನಾಲ್ಕು ದಿನಕ್ಕೆ ಸುಟ್ಟ ವಾಸನೆ. ಹಿಂದಿನ ಮುಚ್ಚಳ ಬಿಚ್ಚಿದರೆ ಹೀಟರ್ ಸುತ್ತ ಕೂತಿದ್ದ ನೂಲಿನ ಧೂಳು ಕಂದು ಬಣ್ಣಕ್ಕೆ ತಿರುಗಿತ್ತು. ಇನ್ನೊಂದೆರಡು ಸಲ ಓಡಿಸಿದ್ದರೆ ಬೆಂಕಿಯೇ.

ನಿಜವಾದ ದೋಷ ಇದ್ದದ್ದು ಗೋಡೆಯಾಚೆ. ಸೊಳ್ಳೆ ಬರಬಾರದೆಂದು, ಡ್ರೈಯರಿನ ಹಸಿ ಗಾಳಿಯನ್ನು ಹೊರಗೆ ಬಿಡುವ ಪೈಪಿನ ಬಾಯಿಗೆ ಜಾಳಿಗೆ ಕಟ್ಟಿದ್ದರು. ಅದರ ಮೇಲೆ ಬೂದು ಬಣ್ಣದ ಧೂಳು ಕಂಬಳಿಯಂತೆ ಹೆಣೆದುಕೊಂಡಿತ್ತು. ಉಗುರಿನಿಂದ ಎತ್ತಿದರೆ ಒಂದೇ ಪದರವಾಗಿ ಎದ್ದು ಬಂತು.

ವಾಷಿಂಗ್ ಮಷೀನು 800 ಆರ್‌ಪಿಎಂನಲ್ಲಿ (ನಿಮಿಷಕ್ಕೆ 800 ಸುತ್ತು) ಹಿಂಡಿದ 5 ಕೆಜಿ ಹತ್ತಿಬಟ್ಟೆಯಲ್ಲಿ ಇನ್ನೂ ಮೂರರಿಂದ ಮೂರೂವರೆ ಲೀಟರ್ ನೀರು ಇರುತ್ತದೆ. ಹೀಟರ್ ಅದನ್ನು ಆವಿ ಮಾಡುತ್ತದೆ, ಅಷ್ಟೇ. ಹೊರಗೆ ಸಾಗಿಸುವುದು ಗಾಳಿ. ದಾರಿ ಕಟ್ಟಿದರೆ ಆ ಆವಿ ಡ್ರಮ್ಮಿನೊಳಗೇ ಸುತ್ತುತ್ತದೆ. ಪೈಪೇ ಇಲ್ಲದೆ ಮುಚ್ಚಿದ ಬಾತ್‌ರೂಮಿನಲ್ಲಿ ಇಟ್ಟರೆ ಬಿಟ್ಟ ಆವಿಯನ್ನೇ ಮಷೀನು ಮತ್ತೆ ಎಳೆದುಕೊಳ್ಳುತ್ತದೆ, ಗೋಡೆಗೆ ಬೂಷ್ಟು ಹಿಡಿಯುತ್ತದೆ.

“ಮಳೆಗಾಲದ ಹವೆಯೇ ಹಂಗ್ರೀ” ಎಂಬ ಮಾತನ್ನು ಒಪ್ಪಬೇಡಿ. 24 ಡಿಗ್ರಿಯ, 95% ತೇವದ ಗಾಳಿಯನ್ನು 60 ಡಿಗ್ರಿಗೆ ಕಾಯಿಸಿದರೆ ಅದರ ಸಾಪೇಕ್ಷ ತೇವಾಂಶ 15%ಕ್ಕಿಂತ ಕೆಳಗಿಳಿಯುತ್ತದೆ. ಹೊರಗೆ ಎಷ್ಟೇ ಸುರಿಯಲಿ, ಬಟ್ಟೆ ಒಣಗಲೇಬೇಕು.

ದೋಷ ಹಿಡಿಯುವುದು ಕಷ್ಟವಲ್ಲ. ಬಟ್ಟೆ ಮುಟ್ಟಲಾರದಷ್ಟು ಬಿಸಿ, ಆದರೂ ಹಸಿ. ಹೊರಗೆ ಪೈಪಿನ ಬಾಯಿಗೆ ಕೈ ಹಿಡಿದರೆ ಗಾಳಿ ಸಣ್ಣಗೆ. ಹೀಗಿದ್ದರೆ ದಾರಿ ಕಟ್ಟಿದೆ. ಗಾಳಿ ಜೋರಾಗಿದ್ದು ಬರೀ ಉಗುರು ಬೆಚ್ಚಗಿದ್ದರೆ ಆಗ ಹೀಟರ್ ಅಥವಾ ವೋಲ್ಟೇಜ್ ಮೇಲೆ ಸಂಶಯಪಡಿ. 230 ವೋಲ್ಟಿನಲ್ಲಿ 2000 ವ್ಯಾಟ್ ಕೊಡುವ ಹೀಟರ್ 180 ವೋಲ್ಟಿಗೆ ಸುಮಾರು 1200ಕ್ಕೆ ಇಳಿಯುತ್ತದೆ. ಪ್ಲಗ್ ಕಿತ್ತು, ಹೀಟರ್ ವೈರುಗಳನ್ನು ಬಿಡಿಸಿ ಮಲ್ಟಿಮೀಟರ್ ಹಚ್ಚಿದರೆ ಅಂಥ ಸಾದಾ ಕಾಯಿಲ್ ಸುಮಾರು 26 ಓಮ್ ತೋರಿಸಬೇಕು. ತೋರಿಸಿದರೆ ಕಾಯಿಲ್ ಸರಿಯಿದೆ, ಬದಲಿಸಲು ಬಿಡಬೇಡಿ. ಪೈಪ್ ಕಳಚಿ, ಕಿಟಕಿ ಬಾಗಿಲು ತೆರೆದಿಟ್ಟು ಅರ್ಧ ತಾಸು ಓಡಿಸಿ. ಆಗ ಚೆನ್ನಾಗಿ ಒಣಗಿದರೆ ತಪ್ಪು ಪೈಪಿನದು.

ಪೈಪ್ 4 ಇಂಚಿನದಿರಲಿ, ಗಟ್ಟಿ ಅಲ್ಯುಮಿನಿಯಂನದೇ ಇರಲಿ. ಪ್ಲಾಸ್ಟಿಕ್ ಸುರುಳಿ ಪೈಪ್ ಮಷೀನಿನ ಹಿಂದೆ ಚಪ್ಪಟೆಯಾಗುತ್ತದೆ, ಅದರ ಮಡಿಕೆಗಳಲ್ಲಿ ಧೂಳು ನಿಲ್ಲುತ್ತದೆ. ಜೋಡಣೆಗೆ ಸ್ಕ್ರೂ ಹೊಡೆಯಬೇಡಿ, ಒಳಗೆ ಚಾಚಿದ ತುದಿಗೆ ಧೂಳು ಸಿಕ್ಕಿಕೊಳ್ಳುತ್ತದೆ. ಫಾಯಿಲ್ ಟೇಪ್ ಸಾಕು. ಇಳಿಜಾರು ಹೊರಗಡೆಗೆ ಕೊಡಿ, ಇಲ್ಲದಿದ್ದರೆ ತಣ್ಣಗಿನ ಪೈಪಿನಲ್ಲಿ ಆವಿ ನೀರಾಗಿ ಮಷೀನಿಗೇ ಹರಿದು ಬರುತ್ತದೆ. ಬಾಯಿಗೆ ಜಾಳಿಗೆ ಬೇಡ, ತಾನಾಗಿ ಮುಚ್ಚಿಕೊಳ್ಳುವ ಪಟ್ಟಿ ಮುಚ್ಚಳ ಹಾಕಿಸಿ. ಗ್ಯಾಸ್ ಗೀಸರ್ ಇರುವ ಬಾತ್‌ರೂಮಿನಲ್ಲಂತೂ ಡ್ರೈಯರ್ ಇಡಲೇಬೇಡಿ: ಡ್ರೈಯರ್ ಗಾಳಿ ಹೊರಗೆಳೆದಾಗ ಗೀಸರಿನ ವಿಷದ ಹೊಗೆ ಒಳಗೇ ತಿರುಗಬಹುದು. ಇದು ಜೀವದ ಪ್ರಶ್ನೆ.

ಥರ್ಮಲ್ ಫ್ಯೂಸ್ ಹೋದರೆ ಅದೇ ರೇಟಿಂಗಿನ ಹೊಸದನ್ನೇ ಹಾಕಿಸಿ, ಅದು ಯಾಕೆ ಹೋಯಿತೆಂದು ಕೇಳಿ. ತಂತಿ ಸೇರಿಸುವವನನ್ನು ಅಲ್ಲೇ ತಡೆಯಿರಿ.

ಧೂಳಿನ ಫಿಲ್ಟರನ್ನು ಪ್ರತಿ ಸಲ ತೆಗೆದು ಧೂಳು ಬಿಡಿಸಿ ಹಾಕಬೇಕು. ತಿಂಗಳಿಗೊಮ್ಮೆ ಅದರ ಮೇಲೆ ನೀರು ಹನಿಸಿ. ನೀರು ಇಳಿಯದೆ ನಿಂತರೆ ಬಟ್ಟೆ ಮೆದುವಾಗಲು ಹಾಕುವ ಸಾಫ್ಟನರಿನ ಜಿಡ್ಡು ಕೂತಿದೆ ಎಂದರ್ಥ, ಸೋಪು ಬ್ರಷ್ಷಿನಿಂದ ತೊಳೆದು ಒಣಗಿಸಿ ಹಾಕಿ. ಬಟ್ಟೆಯ ತೇವ ಅಳೆಯುವ ಸೆನ್ಸರ್ ಇರುವ ಮಷೀನಾದರೆ ಡ್ರಮ್ಮಿನ ಬಳಿಯ ಎರಡು ಲೋಹದ ಪಟ್ಟಿಗಳ ಮೇಲೂ ಅದೇ ಜಿಡ್ಡು, ಬೋರ್‌ವೆಲ್ ನೀರಿದ್ದರೆ ಸುಣ್ಣದ ಪೊರೆಯೂ ಕೂರುತ್ತದೆ. ಆಗ ಹಸಿ ಬಟ್ಟೆಯನ್ನೇ ಒಣಗಿದೆಯೆಂದು ತಿಳಿದು ಮಷೀನು ನಿಲ್ಲುತ್ತದೆ. ಹತ್ತಿಗೆ ವಿನೆಗರ್ ಅದ್ದಿ ಒರೆಸಿದರೆ ಸರಿಹೋಗುತ್ತದೆ.

ಹಳೆ ಸೀರೆ ಪದರಗಳನ್ನು ಸೇರಿಸಿ ಹೊಲಿದ ಕೌದಿಗೆ ಮಾತ್ರ ಸೆನ್ಸರ್ ನಂಬಬೇಡಿ. ಮೇಲಿನ ಸೀರೆ ಪದರ ಒಣಗಿದೊಡನೆ ಮಷೀನು ನಿಲ್ಲುತ್ತದೆ, ನಡುವಿನ ಪದರಗಳು ಹಸಿಯಾಗೇ ಉಳಿದು ಮುಗ್ಗುತ್ತವೆ. ಒಂದು ಸಲಕ್ಕೆ ಒಂದೇ ಹಾಕಿ, ಟೈಮರ್ ಇಟ್ಟು, ಅರ್ಧಕ್ಕೆ ತೆಗೆದು ಮಗ್ಗಲು ಬದಲಿಸಿ.